ಸೋದರಮಾವ ಹೇಗಿದ್ದಾರೆ?

“ತಪ್ಪು.”

ಹಿಂದಿನ ಸಾಲಿನಿಂದ ಬಂದ ಆ ಒಂದೇ ಮಾತಿಗೆ ಇಡೀ ತರಗತಿ ತಿರುಗಿ ನೋಡಿತು. ಸಲ್ವಾನಿ ಮಾತ್ರ ತಿರುಗಲಿಲ್ಲ. ಅವಳ ಕಿವಿ ಕೆಂಪಾಗಿ ಉರಿಯುತ್ತಿತ್ತು.

ಅವಳು ಸಿಂಗಪುರಕ್ಕೆ ಬಂದು ಅವತ್ತಿಗೆ ಒಂಬತ್ತು ದಿನ. ಕಾನೂನಿನ ಸ್ನಾತಕೋತ್ತರ ತರಗತಿಯಲ್ಲಿ ಇಪ್ಪತ್ತಾರು ಜನ, ಹದಿನಾಲ್ಕು ದೇಶದವರು. ಅವರೆಲ್ಲ ತೊಟ್ಟಿಲಲ್ಲೇ ಇಂಗ್ಲಿಷ್ ಕಲಿತವರ ಹಾಗೆ ಪಟಪಟ ಮಾತಾಡುತ್ತಿದ್ದರೆ, ಇವಳು ಎಂಟು ದಿನ ಬಾಯಿ ಬಿಗಿಹಿಡಿದು ಕೂತಿದ್ದಳು. ಅವತ್ತು ಧೈರ್ಯ ಮಾಡಿದ್ದಳು, ಅಷ್ಟೇ.

ಪ್ರೊಫೆಸರ್ ಕ್ವೆಕ್ ಮೇಡಂ ಕೇಳಿದ ಪ್ರಶ್ನೆಯೇ ಹಾಗಿತ್ತು. ಒಬ್ಬ ತಾಯಿ ತೀರಿಕೊಂಡಿದ್ದಾಳೆ. ನಾಲ್ಕು ಗಂಡು, ಒಂದು ಹೆಣ್ಣು. ಗದ್ದೆ ಯಾರಿಗೆ? ಸಲ್ವಾನಿ ಕೈ ಎತ್ತಿ, ಮಲೇಷ್ಯಾದಲ್ಲಿ ನಮ್ಮ ನೆಗರಿ ಸೆಂಬಿಲಾನ್ ಕಡೆ ಗದ್ದೆ ಪೂರ್ತಿ ಮಗಳಿಗೆ, ಅದು ಅವಳ ಸ್ವಂತ ಆಸ್ತಿ ಎಂದಿದ್ದಳು.

“ತಪ್ಪು,” ಎಂದ ಹಿಂದಿನ ಸಾಲಿನವನು ಮತ್ತೆ, ಈ ಸಲ ಸ್ವಲ್ಪ ಮೆತ್ತಗೆ. “ಗದ್ದೆ ಮಗಳ ಕೈಗೆ ಬರುತ್ತೆ. ಸ್ವಂತದ್ದಾಗಲ್ಲ. ಅದು ಇನ್ನೂ ಹುಟ್ಟದೇ ಇರೋ ಮೊಮ್ಮಗಳದ್ದೂ ಹೌದು. ಇವಳು ಮಾರೋ ಹಾಗಿಲ್ಲ.”

ಈಗ ತಿರುಗಿದಳು. ನೀಟಾಗಿ ಬಾಚಿದ ತಲೆ, ಇಸ್ತ್ರಿ ಮಾಡಿದ ಬಾಟಿಕ್ ಅಂಗಿ, ಮುಖದ ತುಂಬ ನಗು. ಎಲ್ಲರೂ ಟೀ ಶರ್ಟಿನಲ್ಲಿ ಬರುವ ತರಗತಿಗೆ ಇವನೊಬ್ಬ ಮದುವೆ ಮನೆಗೆ ಹೊರಟವನ ಹಾಗೆ ಬಂದಿದ್ದ.

‘ಯಾರಪ್ಪಾ ಇವನು? ನಮ್ಮಮ್ಮನ ಗದ್ದೆ ವಿಷಯ ನನಗೇ ಹೇಳಿಕೊಡೋಕೆ ಬಂದವನು!’

“ನಮ್ಮಮ್ಮನ ಗದ್ದೆ ಪತ್ರದ ಮೇಲೆ ಅವರ ಹೆಸರಿದೆ,” ಎಂದಳು.

“ಪಕ್ಕದಲ್ಲಿ ಒಂದು ಮುದ್ರೆನೂ ಇರಬೇಕಲ್ಲ, ಕುಲದ ಭೂಮಿ ಅಂತ. ಅದನ್ನ ಓದಿಲ್ವಾ?”

ಇತ್ತು. ಓದಿದ್ದಳು. ಅದಕ್ಕೇ ಇನ್ನೂ ಜಾಸ್ತಿ ಸಿಟ್ಟು ಬಂತು.

ಮೇಡಂ ನಕ್ಕು, ಇಬ್ಬರೂ ಸೇರಿ ವರ್ಷದ ಪ್ರಬಂಧ ಬರೆಯಿರಿ ಎಂದುಬಿಟ್ಟರು. ಜಲಸಂಧಿಯ ಆ ಕಡೆ ಈ ಕಡೆ, ಒಂದೇ ಮೂಲದ ಎರಡು ಕಟ್ಟಳೆ. ಸಲ್ವಾನಿಯ ಹಿಂದಿನವರು ನೂರಾರು ವರ್ಷದ ಕೆಳಗೆ ಸುಮಾತ್ರಾದಿಂದ ದೋಣಿ ಹತ್ತಿ ಬಂದವರು. ಅವನು ದೋಣಿ ಹತ್ತದೇ ಉಳಿದವರ ಪೈಕಿ. ಹೆಸರು ನೋಫ್ರಿಜಾಲ್, ಎಲ್ಲರ ಬಾಯಲ್ಲಿ ನೋಫ್ರಿ. ಇಂಡೋನೇಷ್ಯಾ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಬಂದಿದ್ದ. ಊರು ಪಶ್ಚಿಮ ಸುಮಾತ್ರಾದ ಕರಾವಳಿಯ ಪಾರಿಯಾಮನ್.

ಆಮೇಲಿನದ್ದು ನಿಮಗೆ ಗೊತ್ತಿರೋದೇ. ಜಗಳ ಆಡ್ತಾ ಆಡ್ತಾ ಮನಸ್ಸು ಕೂಡೋದಕ್ಕೆ ಯಾವ ದೇಶದ ವೀಸಾನೂ ಬೇಕಾಗಿಲ್ಲ.

ಗ್ರಂಥಾಲಯದಲ್ಲಿ ಕಟ್ಟಳೆಯ ಜಗಳ, ಊಟಕ್ಕೆ ಹೋದರೆ ರೆಂದಾಂಗಿನ ಜಗಳ. ತೆಂಗಿನ ಹಾಲು ಪೂರ್ತಿ ಇಂಗಿ, ಮಾಂಸ ಕಪ್ಪಾಗುವ ತನಕ ಬೇಯಿಸಿದರೇ ರೆಂದಾಂಗ್ ಅನ್ನುವುದು ಅವನ ವಾದ. ನಿಮ್ಮೂರಿನ ಹಳದಿ ರೆಂದಾಂಗ್ ಇದೆಯಲ್ಲ, ಅದು ಅರ್ಧ ದಾರಿಯಲ್ಲಿ ಸೌದೆ ಮುಗಿದವರು ಮಾಡಿದ ಸಾರು ಅನ್ನುತ್ತಿದ್ದ. ನಿಮ್ಮದು ಒಲೆ ಮೇಲಿಟ್ಟು ಮರೆತು ಹೋದವರ ಅಡುಗೆ ಅಂತ ಅವಳು ತಿರುಗಿಸಿ ಹೇಳುತ್ತಿದ್ದಳು.

ಆದರೆ ಅವಳ ಮನಸ್ಸು ಸೋತದ್ದು ಜಗಳದಲ್ಲಲ್ಲ.

ನವೆಂಬರಿನಲ್ಲಿ ಅಣಕು ನ್ಯಾಯಾಲಯ ಇತ್ತು. ಮೂರು ಜನ ತೀರ್ಪುಗಾರರ ಎದುರು ನಿಂತ ಸಲ್ವಾನಿಗೆ, ಮೊದಲ ಪ್ರಶ್ನೆಗೇ ಮಾತು ನಿಂತುಹೋಯಿತು. ವಿಷಯ ಗೊತ್ತು, ನಾಲಿಗೆ ಮಾತ್ರ ಏಳುತ್ತಿಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ಎದುರು ಪಕ್ಷದಲ್ಲಿದ್ದವನು ನೋಫ್ರಿ. ಅವನು ಎದ್ದು ನಿಂತು, ಪ್ರಶ್ನೆ ನನಗೂ ಸರಿಯಾಗಿ ಅರ್ಥ ಆಗಲಿಲ್ಲ, ದಯವಿಟ್ಟು ನಿಧಾನವಾಗಿ ಇನ್ನೊಮ್ಮೆ ಹೇಳಿ ಎಂದ. ಅರ್ಥ ಆಗಿತ್ತು ಅವನಿಗೆ. ಅವಳಿಗೆ ಉಸಿರಾಡಲು ಅರ್ಧ ನಿಮಿಷ ಸಿಕ್ಕಿತು. ಆ ಅರ್ಧ ನಿಮಿಷದಲ್ಲಿ ಅವಳು ಗೆದ್ದಳು, ಅವನು ಸೋತ.

ಹೊರಗೆ ಬಂದ ಮೇಲೆ ಯಾಕೆ ಹಾಗೆ ಮಾಡಿದೆ ಎಂದು ಕೇಳಿದಳು.

“ನಾನೂ ದಿನಾ ಸ್ನಾನದ ಮನೆಯಲ್ಲಿ ಇಂಗ್ಲಿಷ್ ಅಭ್ಯಾಸ ಮಾಡ್ತೀನಿ, ಸಲ್ವಾನಿ. ಬಾಯಿ ಒಣಗೋದು ಹೇಗಿರುತ್ತೆ ಅಂತ ನನಗೆ ಗೊತ್ತು.”

ಅವಳಿಗೆ ಅಳು ಬಂತು. ಅವನು ಅದನ್ನು ನೋಡಿಯೂ ನೋಡದವನ ಹಾಗೆ ಬಸ್ಸಿನ ದಾರಿ ನೋಡುತ್ತ ನಿಂತ.

ವರ್ಷ ಮುಗಿಯುತ್ತ ಬಂತು. ಪ್ರಬಂಧ ಒಪ್ಪಿಸಿದ್ದಾಯಿತು. ಗದ್ದೆ, ಮನೆ, ಹಕ್ಕು, ಮುದ್ರೆ... ಒಂದೂ ಬಿಡದೆ ಇನ್ನೂರು ಪುಟ ಬರೆದಿದ್ದರು. ಮದುವೆಯ ಕಟ್ಟಳೆಯ ಅಧ್ಯಾಯ ಮಾತ್ರ ಇವರ ಪಾಲಿಗೆ ಬಂದಿರಲಿಲ್ಲ. ಅದನ್ನು ಮೇಡಂ ಬೇರೆ ಇಬ್ಬರಿಗೆ ಕೊಟ್ಟಿದ್ದರು. ಇವರೂ ಅದನ್ನು ತಿರುವಿ ನೋಡಲಿಲ್ಲ. ನಮ್ಮದೇ ಕಟ್ಟಳೆ, ನಮಗೆ ಗೊತ್ತಿಲ್ವಾ ಅನ್ನೋ ಜಂಬ.

ಹೊರಡುವ ಮುಂಚಿನ ದಿನ ಮಧ್ಯಾಹ್ನ, ಹಾಸ್ಟೆಲ್ ಎದುರಿನ ಕಲ್ಲು ಬೆಂಚಿನ ಮೇಲೆ ಇಬ್ಬರೂ ಕೂತರು. ನಡುವೆ ಅವಳ ಪುಸ್ತಕದ ಚೀಲ.

“ಅಮ್ಮನಿಗೆ ನಿನ್ನ ವಿಷಯ ಹೇಳಿದ್ದೀನಿ,” ಎಂದ ನೋಫ್ರಿ, ನೆಲ ನೋಡುತ್ತ. “ತುಂಬಾ ಖುಷಿಪಟ್ಟಳು. ರಂಜಾನ್ ಹಬ್ಬ ಕಳೆದ ಮೇಲೆ ಮನೆ ಬಾಗಿಲು ತೆಗೆದೇ ಇಟ್ಟಿರ್ತೀನಿ ಅಂದಳು.”

ಸಲ್ವಾನಿ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. “ನಮ್ಮಮ್ಮನಿಗೂ ಹೇಳಿದ್ದೀನಿ. ನಮ್ಮ ಮನೆಯಲ್ಲೂ ಕಾಯ್ತಿರ್ತಾರೆ.”

“ಮಿಕ್ಕಿದ್ದು ದೊಡ್ಡವರು ಮಾತಾಡಲಿ ಅಲ್ವಾ? ನಾವೇ ಮಾತಾಡಿಬಿಟ್ರೆ ಚೆನ್ನಾಗಿರಲ್ಲ.”

“ಹೌದು. ಚೆನ್ನಾಗಿರಲ್ಲ.”

ಇಲ್ಲೇ ನೋಡಿ, ನನಗೆ ಇಬ್ಬರ ಕಿವಿನೂ ಹಿಂಡಬೇಕು ಅನ್ನಿಸೋದು. ಇನ್ನೂರು ಪುಟ ವಾದ ಮಾಡಿದವರು, ಬೇಕಾದ ಒಂದು ಮಾತಿಗೆ ಮಾನ ಮರ್ಯಾದೆ ಅಂತ ಕೂತುಬಿಟ್ಟರು.

ಸಲ್ವಾನಿಯ ಊರು ಕ್ವಾಲಾ ಪಿಲಾ. ಅಲ್ಲಿ ಗಂಡಿನ ಕಡೆಯವರು ಉಂಗುರ ಹಿಡಿದು ಹೆಣ್ಣಿನ ಮನೆಗೆ ಬರುತ್ತಾರೆ. ಹೆಣ್ಣಿನವರು ಮನೆ ಸಾರಿಸಿ, ತಲೆ ತಗ್ಗಿಸಿ ಕಾಯುವುದೇ ಪದ್ಧತಿ. ಅವಳ ಅಮ್ಮ ಹಬ್ಬಕ್ಕೆ ಮುಂಚೆಯೇ ಮನೆಗೆ ಬಣ್ಣ ಹೊಡೆಸಿದರು. ಹಬ್ಬ ಬಂತು. ತಿಂಗಳು ಕಳೆಯಿತು. ಯಾರೂ ಬರಲಿಲ್ಲ.

ನೋಫ್ರಿಯ ಸಂದೇಶ ಮಾತ್ರ ವಾರಕ್ಕೆರಡು ಸಲ ಬರುತ್ತಿತ್ತು. ಊಟ, ಕೆಲಸ, ಕೋರ್ಟು ಎಲ್ಲ ಹೇಳಿ, ಕೊನೆಗೆ ತಪ್ಪದೆ ಒಂದು ಪ್ರಶ್ನೆ.

“ನಿನ್ನ ಸೋದರಮಾವ ಹೇಗಿದ್ದಾರೆ?”

ಚೆನ್ನಾಗಿದ್ದಾರೆ ಎಂದು ಉತ್ತರ ಬರೆಯುತ್ತಿದ್ದಳು. ‘ಇವನಿಗೇನು ನಮ್ಮ ಮಾವನ ಚಿಂತೆ? ನನ್ನ ಚಿಂತೆ ಇಲ್ಲದವನಿಗೆ...’

ಅವಳೂ ಸುಮ್ಮನಿರಲಿಲ್ಲ. ಮನೆಗೆ ಬಣ್ಣ ಹೊಡೆಸಿದ್ದೀವಿ ಎಂದು ಬರೆದಳು. ಒಳ್ಳೆಯದಾಯಿತು, ಕೆಲಸ ಮುಗಿದಿದ್ದರೆ ಇನ್ನು ಮಾವನಿಗೆ ಬಿಡುವಿರಬೇಕಲ್ಲ ಎಂದು ಅವನು ಬರೆದ. ಅವಳಿಗೆ ತಲೆಬುಡ ಅರ್ಥವಾಗಲಿಲ್ಲ.

ಎರಡನೇ ಹಬ್ಬವೂ ಕಳೆಯಿತು. ಪಕ್ಕದ ಮನೆಯವರು ಕೇಳಲು ಶುರು ಮಾಡಿದ್ದರು. ಒಂದು ದಿನ ಅಮ್ಮ ಊಟಕ್ಕೆ ಬಡಿಸುತ್ತ, ಬರೋ ಮನಸ್ಸಿರೋರಿಗೆ ಸಮುದ್ರ ಅಡ್ಡ ಬರಲ್ಲ ಕಣೇ ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು.

ಅವತ್ತು ಸಲ್ವಾನಿ ಬರೆದಳು. “ನಿನಗೆ ಮನಸ್ಸಿಲ್ಲ ಅಂತ ಈಗ ಗೊತ್ತಾಯ್ತು. ಇನ್ನು ಬರೀಬೇಡ.”

ಉತ್ತರ ಬರಲು ಎರಡು ದಿನ ಹಿಡಿಯಿತು. “ಯಾರಿಗೆ ಮನಸ್ಸಿಲ್ಲ ಅಂತ ನಿನಗೇ ಗೊತ್ತು. ನಮ್ಮಮ್ಮನಿಗೆ ಇಷ್ಟು ಅವಮಾನ ಮಾಡ್ತೀಯ ಅಂದುಕೊಂಡಿರಲಿಲ್ಲ.”

ಅಷ್ಟೇ. ಅವಳು ನಂಬರ್ ಬದಲಾಯಿಸಿದಳು. ಆ ವಾಕ್ಯದ ಅರ್ಥ ಮಾತ್ರ ಅವಳನ್ನು ಬಿಡಲಿಲ್ಲ. ‘ನಾನು ಅವನ ಅಮ್ಮನಿಗೆ ಅವಮಾನ ಮಾಡಿದ್ದು ಯಾವಾಗ?’

ವರ್ಷಗಳು ಹೋದವು. ಸಲ್ವಾನಿ ಸೆರೆಂಬಾನಿನ ಒಂದು ಕಾಲೇಜಿನಲ್ಲಿ ಕಾನೂನು ಕಲಿಸಲು ಸೇರಿದಳು. ಎರಡು ಸಂಬಂಧ ಬಂದವು. ಎರಡು ಸಲವೂ ಉಂಗುರ ತಂದವರೆದುರು ಹೋಗಿ ಕೂರಲು ಅವಳಿಂದ ಆಗಲಿಲ್ಲ. ಅಮ್ಮ ಕೇಳುವುದನ್ನೇ ಬಿಟ್ಟರು.

ಸಿಂಗಪುರ ಬಿಟ್ಟ ಐದನೇ ವರ್ಷ, ಸುಮಾತ್ರಾದಿಂದ ಓದಲು ಬಂದಿದ್ದ ಯೆಲ್ಮಿ ಎಂಬ ಹುಡುಗಿಯ ಪ್ರಬಂಧ ತಿದ್ದಲು ಅವಳ ಮೇಜಿಗೆ ಬಂತು. ಮಧ್ಯಾಹ್ನ, ಅಧ್ಯಾಪಕರ ಕೋಣೆ. ಕೈಯಲ್ಲಿ ಕೆಂಪು ಪೆನ್ನು. ಮೂರನೇ ಅಧ್ಯಾಯ, ಕರಾವಳಿಯ ಮದುವೆ ಕಟ್ಟಳೆ.

ಅಲ್ಲಿ ಬರೆದಿತ್ತು: ಪಾರಿಯಾಮನ್ ಕಡೆ ಹೆಣ್ಣಿನವರೇ ಗಂಡನ್ನು ಕೇಳಲು ಹೋಗಬೇಕು. ಹೆಣ್ಣಿನ ಸೋದರಮಾವ ವೀಳ್ಯದ ತಟ್ಟೆ ಹಿಡಿದು ಗಂಡಿನ ತಾಯಿಯ ಮನೆಗೆ ಬರುತ್ತಾನೆ. ಗಂಡಿನ ತಾಯಿ ತಾನಾಗಿ ಎಂದೂ ಕೇಳುವುದಿಲ್ಲ. ಕೇಳಿದರೆ ತನ್ನ ಮಗ ಯಾರಿಗೂ ಬೇಡವಾದವನು ಎಂದು ಸಾರಿದ ಹಾಗೆ. ಅವಳು ಬಾಗಿಲು ತೆಗೆದಿಟ್ಟು ಕಾಯುತ್ತಾಳೆ.

ಸಲ್ವಾನಿ ಇನ್ನೊಮ್ಮೆ ಓದಿದಳು. ಪೆನ್ನು ಕೈಯಿಂದ ಜಾರಿ ಉರುಳಿ ಕೆಳಗೆ ಬಿತ್ತು.

ಸೋದರಮಾವ ಹೇಗಿದ್ದಾರೆ? ಸೋದರಮಾವನಿಗೆ ಬಿಡುವಿರಬೇಕಲ್ಲ?

‘ಅಯ್ಯೋ... ಕೇಳ್ತಾನೇ ಇದ್ದ. ಎರಡು ವರ್ಷ, ವಾರಕ್ಕೆರಡು ಸಲ ಕೇಳ್ತಾನೇ ಇದ್ದ. ನಾನು ಚೆನ್ನಾಗಿದ್ದಾರೆ ಅಂತ ಬರೀತಿದ್ದೆ.’

ಪಕ್ಕದ ಮೇಜಿನವರು ಏನಾಯಿತು ಎಂದು ಓಡಿ ಬಂದರು. ಅವಳು ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಯೆಲ್ಮಿ ಊರಿನಲ್ಲಿ ವಿಚಾರಿಸಿ ಹೇಳಿದಳು. ನೋಫ್ರಿಜಾಲ್ ಅಲ್ಲೇ ಇದ್ದಾನೆ, ಬಡವರಿಗೆ ಕೋರ್ಟಿನಲ್ಲಿ ನೆರವಾಗುವ ಒಂದು ಸಣ್ಣ ಕಚೇರಿ ನಡೆಸುತ್ತಾನೆ, ಮದುವೆ ಆಗಿಲ್ಲ. ಅದಕ್ಕಿಂತ ಹೆಚ್ಚು ಅವಳಿಗೂ ಗೊತ್ತಾಗಿರಲಿಲ್ಲ.

ಸಲ್ವಾನಿ ಊರಿಗೆ ಹೋಗಿ ಮನೆಯಲ್ಲಿ ಎಲ್ಲ ಹೇಳಿದಳು. ಹೆಣ್ಣಿನ ಕಡೆಯವರು ನಾವೇ ಹೋಗಿ ಕೇಳೋದಾ, ಊರು ನಗಲ್ವಾ ಎಂದು ಅಮ್ಮ ಕೂತಲ್ಲೇ ಕೂತರು. ಅಮ್ಮನ ಅಣ್ಣ, ಪಾಕ್ ಲಾಂಗ್, ಎಪ್ಪತ್ತೊಂದು ವರ್ಷದವರು. ಮಂಡಿ ನೋವಿನವರು. ಎಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

“ಅವರೂ ಹೀಗೇ ಕೂತಿದ್ರು, ತಂಗಿ. ಅಲ್ಲೂ ಒಬ್ಬ ತಾಯಿ ಊರವರ ಬಾಯಿಗೆ ಉತ್ತರ ಕೊಟ್ಕೊಂಡು ಕೂತಿದ್ಳು. ಸೋದರಮಾವ ಅಂತ ನನ್ನನ್ನೇ ಕರೆದ್ರಂತೆ, ನನಗೇ ಕೇಳಿಸಲಿಲ್ಲ. ನಾನು ಹೋಗ್ತೀನಿ.”

ಕ್ವಾಲಾಲಂಪುರದಿಂದ ಪಾರಿಯಾಮನ್ ಹತ್ತಿರದ ಪದಾಂಗಿಗೆ ವಿಮಾನದಲ್ಲಿ ಒಂದು ಗಂಟೆ ದಾರಿ. ಒಂದೇ ಗಂಟೆ. ಸಲ್ವಾನಿ ಕಿಟಕಿಗೆ ತಲೆ ಆನಿಸಿಕೊಂಡು, ಇಷ್ಟು ದಾರಿಗೆ ಐದು ವರ್ಷ ಹಿಡೀತಲ್ಲ ಎಂದು ತನ್ನನ್ನು ತಾನೇ ಶಪಿಸಿಕೊಂಡಳು.

ಪಾರಿಯಾಮನ್ ಮನೆಯ ಬಾಗಿಲು ತೆರೆದೇ ಇತ್ತು. ಒಳಗಿಂದ ಬಂದವಳು ನೋಫ್ರಿಯ ಅಕ್ಕ ಎರ್ನೀತಾ. ಪಾಕ್ ಲಾಂಗ್ ಕೈಯಲ್ಲಿದ್ದ ವೀಳ್ಯದ ತಟ್ಟೆ ನೋಡಿದಳು. ಹಿಂದೆ ನಿಂತವಳನ್ನು ನೋಡಿದಳು. ಯಾರೆಂದು ಹೇಳಬೇಕಾಗಲಿಲ್ಲ.

“ನೀವು ಸಲ್ವಾನಿ ಅಲ್ವಾ?” ಎಂದಳು. ಆಮೇಲೆ ಒಳಗಿನಿಂದ ಚಾಪೆ ತಂದು ಹಾಸಿದಳು.

ಅಂಚಿಗೆ ಕೆಂಪು ಬಟ್ಟೆ ಹೊಲಿದ ಚೆಂದದ ಚಾಪೆ. ಪಾಕ್ ಲಾಂಗ್ ಕೂತು, ಮನೆಯ ಹಿರಿಯರು ಎಲ್ಲಿ, ತಾಯಿಯವರನ್ನು ಕರೆಯಿರಿ ಎಂದರು.

ಎರ್ನೀತಾ ಚಾಪೆಯ ಅಂಚು ಸರಿಪಡಿಸುತ್ತಲೇ ಇದ್ದಳು.

“ಅಮ್ಮ ಹೋಗಿ ಹನ್ನೊಂದು ತಿಂಗಳಾಯ್ತು. ಈ ಚಾಪೆಗಳನ್ನ ನಿಮಗೋಸ್ಕರ ನೇಯಿಸಿದ್ದಳು, ಆರು ಚಾಪೆ. ಪ್ರತಿ ಹಬ್ಬಕ್ಕೂ ತೆಗೆದು ಬಿಸಿಲಿಗೆ ಹಾಕೋಳು. ಯಾರಿಗೂ ಕೂರೋಕೆ ಬಿಡ್ತಿರಲಿಲ್ಲ. ಕೊನೆಗೆ ಅವಳ ಏಳು ದಿನದ ಪ್ರಾರ್ಥನೆಗೆ ಬಂದವರು ಮೊದಲು ಕೂತ್ಕೊಂಡ್ರು.”

ಸಲ್ವಾನಿ ಚಾಪೆಯಿಂದ ಎದ್ದುಬಿಟ್ಟಳು. ಬರೀ ನೆಲದ ಮೇಲೆ ಕೂತು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು.

ನೋಫ್ರಿ ಕೋರ್ಟಿನಿಂದ ಬಂದಾಗ ಮಧ್ಯಾಹ್ನ ಮೂರು ಗಂಟೆ. ಕೂದಲಲ್ಲಿ ಅಲ್ಲಲ್ಲಿ ಬಿಳಿ. ಬಾಗಿಲಲ್ಲೇ ನಿಂತು, ವೀಳ್ಯದ ತಟ್ಟೆ ನೋಡಿದ, ಅವಳನ್ನು ನೋಡಿದ. ಪಾಕ್ ಲಾಂಗ್ ಅವರ ಕೈ ಮುಟ್ಟಿ ನಮಸ್ಕರಿಸಿ, ಹಿತ್ತಲಿಗೆ ನಡೆದ. ಅವಳೂ ಹಿಂದೆಯೇ ಹೋದಳು.

ಹಿತ್ತಲ ಮೆಟ್ಟಿಲ ಮೇಲೆ ಕೂತು ಅವಳು ಎಲ್ಲ ಹೇಳಿದಳು. ಉಂಗುರ, ಮನೆಯ ಬಣ್ಣ, ಕಾದದ್ದು, ಯೆಲ್ಮಿಯ ಮೂರನೇ ಅಧ್ಯಾಯ. ಅವನು ಕೇಳಿದ. ಕೇಳಿ ನಗಲು ಹೋದ, ಆಗಲಿಲ್ಲ.

“ಅಮ್ಮ ಇರೋ ತನಕ, ಸಲ್ವಾನಿ. ನಿನ್ನ ಪರ ವಾದ ಮಾಡೋದೇ ನನ್ನ ಕೆಲಸ ಆಗಿತ್ತು. ಮಾವನಿಗೆ ಹುಷಾರಿಲ್ಲವೇನೋ ಅಂತಿದ್ದೆ. ದೂರ ಅಂತಿದ್ದೆ. ಅಮ್ಮ ನಂಬ್ತಿದ್ಳು. ಬೇರೆ ಮೂರು ಮನೆಯವರು ಕೇಳೋಕೆ ಬಂದಾಗ, ನನ್ನ ಮಗನಿಗೆ ಕೇಳೋರು ಇದ್ದಾರೆ, ಬರ್ತಾರೆ ಅಂತ ಅವಳೇ ವಾಪಸ್ ಕಳಿಸಿದ್ಳು. ಆಮೇಲಾಮೇಲೆ ನಿನ್ನ ಹೆಸರೆತ್ತೋದೇ ನಿಲ್ಲಿಸಿದ್ಳು.”

“ನನ್ನನ್ನ ಒಂದು ಮಾತು ನೇರವಾಗಿ ಕೇಳಬಹುದಿತ್ತಲ್ಲ?”

“ನೀನು?”

ಒಳಗೆ ಎರ್ನೀತಾ ಪಾಕ್ ಲಾಂಗ್‌ಗೆ ಕಾಫಿ ಕೊಡುವ ಸದ್ದು ಕೇಳಿಸಿತು.

“ಈಗ ಯಾಕೆ ಬಂದೆ?” ಎಂದ ನೋಫ್ರಿ. ಧ್ವನಿಯಲ್ಲಿ ಕೋಪ ಇತ್ತು. ಇರಬೇಕಾದದ್ದೇ. “ಈಗ ನಾನು ಹೂಂ ಅಂದ್ರೆ, ಅಮ್ಮ ಕಾದದ್ದಕ್ಕೆ ಏನು ಬೆಲೆ? ಅವಳು ಅವಮಾನ ಅಂದುಕೊಂಡೇ ಹೋದ್ಳು. ಅವಳಿಗೆ ಈಗ ಯಾರು ಹೇಳ್ತಾರೆ?”

“ನಾನು ಹೇಳ್ತೀನಿ,” ಎಂದಳು ಸಲ್ವಾನಿ.

ಅವನು ತಿರುಗಿ ನೋಡಿದ.

“ನೀನು ಹೂಂ ಅನ್ನು, ಇಲ್ಲ ಅನ್ನು. ಅದು ಆಮೇಲೆ. ವಾಪಸ್ ಹೋಗು ಅಂದ್ರೆ ಹೋಗ್ತೀನಿ. ಆದರೆ ನಿಮ್ಮಮ್ಮನಿಗೆ ಹೇಳದೇ ಹೋಗಲ್ಲ. ಯಾರೂ ಅವಮಾನ ಮಾಡಿರಲಿಲ್ಲ ಅಂತ ಅವರಿಗೆ ಗೊತ್ತಾಗಬೇಕು. ಎಲ್ಲಿದ್ದಾರೆ, ಕರ್ಕೊಂಡು ಹೋಗು.”

ಕುಲದವರ ಗೋರಿಗಳು ಮನೆಯ ಹಿಂದೆಯೇ, ತೆಂಗಿನ ತೋಟ ದಾಟಿದರೆ ಸಿಗುತ್ತಿದ್ದವು. ಪಾಕ್ ಲಾಂಗ್ ಮಂಡಿ ಹಿಡಿದುಕೊಂಡು, ತಟ್ಟೆ ಹಿಡಿದುಕೊಂಡು ಬಂದರು. ಎರ್ನೀತಾ ಕಣ್ಣೊರೆಸಿಕೊಳ್ಳುತ್ತ ಹಿಂದೆ ಬಂದಳು. ಪ್ರಾರ್ಥನೆ ಮುಗಿದ ಮೇಲೆ ಪಾಕ್ ಲಾಂಗ್ ತಟ್ಟೆಯನ್ನು ಗೋರಿಯ ತಲೆಯ ಕಡೆ ಇಟ್ಟು, ಬದುಕಿರುವ ತಾಯಿಯೆದುರು ಹೇಗೆ ಹೇಳಬೇಕೋ ಹಾಗೆಯೇ, ಒಂದು ಮಾತೂ ಬಿಡದೆ ಹೇಳಿದರು. ನಮ್ಮ ಮಗಳಿಗೆ ನಿಮ್ಮ ಮಗನನ್ನು ಕೇಳಲು ಬಂದಿದ್ದೇವೆ. ತಡವಾಯಿತು. ತಪ್ಪು ನಮ್ಮದು.

ನೋಫ್ರಿ ಆ ಕಡೆ ಮುಖ ತಿರುಗಿಸಿಕೊಂಡ. ಅಷ್ಟು ವರ್ಷ ತಾಯಿಯೆದುರು ಅಳದೇ ಇದ್ದವನು, ಅವಳನ್ನು ಮಣ್ಣು ಮಾಡಿದ ದಿನವೂ ಅಕ್ಕನಿಗೋಸ್ಕರ ಗಟ್ಟಿಯಾಗಿದ್ದವನು, ತೆಂಗಿನ ಮರ ಹಿಡಿದುಕೊಂಡು ಮಗುವಿನ ಹಾಗೆ ಅತ್ತ.

ಸಲ್ವಾನಿ ಗೋರಿಯ ಪಕ್ಕ ಮಂಡಿಯೂರಿ ಕೂತು, ಬಾಗಿ, ಯಾರಿಗೂ ಕೇಳಿಸದ ಹಾಗೆ ಏನೇನೋ ಹೇಳುತ್ತಿದ್ದಳು. ಪಾಕ್ ಲಾಂಗ್, ಎರ್ನೀತಾ ಮನೆ ಕಡೆ ಹೊರಟರು. ಅವಳು ಏಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ನೋಫ್ರಿ ಬಂದು ಅವಳ ಪಕ್ಕ ಕೂತ. ಅವಳ ಕೈ ಮೇಲೆ ಕೈ ಇಟ್ಟ. ಅವಳು ಕೈ ತೆಗೆಯಲಿಲ್ಲ.

“ಅಮ್ಮ ಏನಂದ್ಳು?” ಎಂದ ಮೆಲ್ಲಗೆ.

“ಇಷ್ಟು ದಿನ ಎಲ್ಲಿದ್ದೆ ಅಂದ್ರು.”

“ನೀನೇನಂದೆ?”

“ನಿಮ್ಮ ಹಾಗೇ, ನಮ್ಮ ಮನೆ ಬಾಗಿಲು ತೆಗೆದಿಟ್ಕೊಂಡು ನಾನೂ ಕಾಯ್ತಾ ಕೂತಿದ್ದೆ ಅಂದೆ.”

ಅವನು ಎದ್ದು, ಅವಳಿಗೂ ಏಳಲು ಕೈ ಕೊಟ್ಟ.

“ನಡಿ. ನಿಮ್ಮ ಮಾವ ಕಾಯ್ತಾ ಕೂತಿರ್ತಾರೆ. ಉತ್ತರ ಹೇಳಬೇಕು ಅವರಿಗೆ.”